ಪೀಣ್ಯದಲ್ಲಿ ಮಾಡಿಸಿದ ಲ್ಯಾಮಿನಾರ್ ಫ್ಲೋ ಬೆಂಚು: ಫಿಲ್ಟರ್ ಚೊಕ್ಕ, ಮೂಲೆ ತೂತು

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ 38,000 ರೂಪಾಯಿ ಕೊಟ್ಟು ಎರಡಡಿ ಅಗಲದ ಲ್ಯಾಮಿನಾರ್ ಫ್ಲೋ ಬೆಂಚು ಮಾಡಿಸಿದೆ, ಅಂದರೆ ಫಿಲ್ಟರಿನಲ್ಲಿ ಸೋಸಿದ ಗಾಳಿ ಒಂದೇ ಸಮ ಬೀಸೋ ಮೇಜು. ಹೆಸರು ಬೇಡ, ಕೊನೆಗೆ ಸರಿಮಾಡಿಕೊಟ್ಟಿದ್ದಾರೆ. ವಿದ್ಯಾರಣ್ಯಪುರದ ಮನೆಯ ಮಹಡಿಯಲ್ಲಿ ಚಿಪ್ಪು ಅಣಬೆ ಬೆಳೀತೀನಿ. ಅಣಬೆ ಬೀಜ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನಿಂದ ತರ್ತಿದ್ದೆ, ಒಳ್ಳೇ ಬೀಜ. ನಿವೃತ್ತಿಯಾದವನಿಗೆ ಕೈ ಸುಮ್ನಿರಲ್ಲ, ಬೀಜ ನಾನೇ ಮಾಡೋಣ ಅಂತ ಹೊರಟೆ.

ಜೋಳ ಬೇಯಿಸಿ, ಜಿಪ್ಸಮ್ ಬೆರೆಸಿ, ಬಾಟಲಿಗೆ ತುಂಬಿ, ಪ್ರೆಶರ್ ಕುಕ್ಕರಿನಲ್ಲಿ 121 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಬೆಂಚಿನ ಮುಂದೆ ಕೂತು 20 ಬಾಟಲಿಗೆ ಕಲ್ಚರ್ (ಬೆಳೆಸಿದ ಅಣಬೆ ಎಳೆ) ಹಾಕಿದೆ. ಎಂಟನೇ ದಿನಕ್ಕೆ 11 ಬಾಟಲಿಯಲ್ಲಿ ಹಸಿರು! ಟ್ರೈಕೋಡರ್ಮ ಅನ್ನೋ ಬೂಷ್ಟು. ಊರಲ್ಲಿ ನಮ್ಮಣ್ಣ ಇದನ್ನೇ ದುಡ್ಡು ಕೊಟ್ಟು ತಂದು ಮೆಣಸಿನ ಬಳ್ಳಿ ಬುಡಕ್ಕೆ ಹಾಕ್ತಾನೆ. ನನ್ನ ಮನೆಗೆ ಪುಕ್ಕಟೆ ಬಂದಿತ್ತು.

ತೆರೆಯದೇ ಇಟ್ಟಿದ್ದ ಎರಡು ಬಾಟಲಿ ಚೊಕ್ಕವಾಗಿದ್ದವು, ಅಂದರೆ ಕುಕ್ಕರಿನದು ತಪ್ಪಲ್ಲ. ತಾಯಿ ಕಲ್ಚರೂ ಬೆಳ್ಳಗಿತ್ತು. ಉಳಿದದ್ದು ಗಾಳಿ.

ವರ್ಕ್‌ಶಾಪಿನವರಿಗೆ ಫೋನ್ ಮಾಡಿದರೆ "ಸಾರ್, ಫಿಲ್ಟರ್‌ಗೆ ಸರ್ಟಿಫಿಕೇಟ್ ಇದೆಯಲ್ಲ" ಅಂದರು. ಇದೆ. 0.3 ಮೈಕ್ರಾನ್ ಕಣ ಶೇ 99.97 ತಡೆಯುತ್ತೆ ಅಂತ ಬರೆದಿದೆ. ಈ ಬೂಷ್ಟಿನ ಬೀಜಕಣ ಅದರ ಹತ್ತು ಪಟ್ಟು ದಪ್ಪ, ಫಿಲ್ಟರಿನ ಕಾಗದ ದಾಟಿ ಬರೋ ಮಾತೇ ಇಲ್ಲ. ಆದರೆ ನಾನು ಕೈಗಾ ಅಣುಸ್ಥಾವರದಲ್ಲಿ ವೆಂಟಿಲೇಶನ್ ಕೆಲಸ ಮಾಡಿದವನು. ಇಂಥ ಫಿಲ್ಟರಿಗೆ ಹೆಪಾ ಅಂತಾರೆ, ಅದು ಹುಟ್ಟಿದ್ದೇ ಅಣುಬಾಂಬಿನ ಮ್ಯಾನ್‌ಹಟನ್ ಪ್ರಾಜೆಕ್ಟಿನಲ್ಲಿ. ರಿಯಾಕ್ಟರಿನಲ್ಲಿ ಅದರ ಕಾಗದಪತ್ರ ನೋಡಿ ಯಾರೂ ಸಹಿ ಹಾಕಲ್ಲ. ಜಾಗದಲ್ಲಿ ಕೂಡಿಸಿದ ಮೇಲೆ ಹಿಂದಿನಿಂದ ಸಣ್ಣ ಹನಿಗಳ ಹೊಗೆ ಬಿಟ್ಟು, ಮುಂದೆ ಎಷ್ಟು ಬಂತು ಅಂತ ಅಳೀತಾರೆ. ಸೋರೋದು ಹೆಚ್ಚಾಗಿ ಫಿಲ್ಟರಲ್ಲ, ಅದು ಕೂತ ಚೌಕಟ್ಟು.

ನನ್ನ ಹತ್ತಿರ ಆ ಉಪಕರಣ ಎಲ್ಲಿಂದ ಬರಬೇಕು? ರಾತ್ರಿ ದೀಪ ಆರಿಸಿ, ಮೇಲಿನ ಗಾಳಿಬಾಯಿಗೆ ಮೂರು ಊದಿನಕಡ್ಡಿ ಹಿಡಿದೆ. (ಫಿಲ್ಟರಿಗೆ ಒಳ್ಳೇದಲ್ಲ, ದಿನಾ ಮಾಡಬೇಡಿ.) ಮುಂದೆ ಹೆಂಡತಿ ಟಾರ್ಚನ್ನು ಅಡ್ಡ ಹಿಡಿದಿದ್ದಳು. ಫಿಲ್ಟರಿನ ಮುಖವೆಲ್ಲ ಕತ್ತಲಾಗೇ ಇತ್ತು, ಹೊಗೆ ಇಲ್ಲ. ಎಡಗಡೆ ಮೇಲಿನ ಮೂಲೆಯಿಂದ ಮಾತ್ರ ದಾರದಂಥ ಹೊಗೆ ಇಳಿದು, ಸರಿಯಾಗಿ ನಾನು ಬಾಟಲಿ ತೆರೆಯೋ ಜಾಗಕ್ಕೇ ಬರ್ತಿತ್ತು.

ವಿಡಿಯೊ ಕಳಿಸಿದೆ. ವಾರ ಬಿಟ್ಟು ಒಬ್ಬ ಹುಡುಗ ಸಿಲಿಕೋನ್ ಟ್ಯೂಬ್ ಹಿಡಿದು ಬಂದ. ಮೆತ್ತೋದು ಬೇಡ, ಬಿಚ್ಚು ಅಂದೆ. ಫಿಲ್ಟರಿಗೂ ಚೌಕಟ್ಟಿಗೂ ನಡುವಿನ ಗ್ಯಾಸ್ಕೆಟ್ ಪಟ್ಟಿ ಆ ಮೂಲೆಯಲ್ಲಿ ಅರ್ಧ ಇಂಚು ಗಿಡ್ಡ, ಕ್ಲಾಂಪೂ ಸಡಿಲ. ಹೊಸ ನಿಯೋಪ್ರೀನ್ ರಬ್ಬರ್ ಪಟ್ಟಿ ಹಾಕಿಸಿ, ಎದುರುಬದುರು ಮೂಲೆಗಳನ್ನ ಸ್ವಲ್ಪ ಸ್ವಲ್ಪವೇ ಬಿಗಿಸಿದೆವು. ಮತ್ತೆ ಕಡ್ಡಿ ಹಚ್ಚಿದೆ, ದಾರ ಮಾಯ.

ಎರಡನೇ ಸಲ 20ಕ್ಕೆ ಒಂದೇ ಹಸಿರು. ಅದು ನನ್ನ ಕೈತಪ್ಪು, ಕೆಮ್ಮು ಬಂದಿತ್ತು.

ಬೆಂಚು ಗಟ್ಟಿಯಾಗಿದೆ, ಸದ್ದು ಕಮ್ಮಿ, ಗಾಳಿ ಸೆಕೆಂಡಿಗೆ 0.45 ಮೀಟರ್ ಹತ್ತಿರ ಬರುತ್ತೆ. ಐದಕ್ಕೆ ಮೂರು ಅಂಕ ಕೊಡ್ತೀನಿ. ಕೊಳ್ಳೋರು ಹಣ ಪೂರ್ತಿ ಕೊಡೋ ಮೊದಲು ನಿಮ್ಮ ಕಣ್ಣೆದುರೇ ಹೊಗೆ ಬಿಡಿಸಿ ನೋಡಿ. ಹೋದ ವಾರ ಅದೇ ಹುಡುಗ ಫೋನ್ ಮಾಡಿದ್ದ, ಇನ್ನೊಬ್ಬ ಗಿರಾಕಿಯ ಬೆಂಚು ರೆಡಿಯಾಗಿದೆಯಂತೆ. "ಸಾರ್, ಕಡ್ಡಿ ಯಾವುದಾದ್ರೂ ನಡೆಯುತ್ತಾ?"