ಹಳೇ ಬಲ್ಬ್, ಸಿಎಫ್‌ಎಲ್, ಎಲ್‌ಇಡಿ: ಯಾವ ಕೋಣೆಗೆ ಯಾವುದು?

ಕರೆಂಟ್ ಬಿಲ್ ಇಳಿಸಬೇಕೆಂದರೆ ಮೊದಲು ನೋಡಬೇಕಾದ್ದು ವ್ಯಾಟ್. ತಂತಿ ಕಾದು ಉರಿಯುವ 60 ವ್ಯಾಟಿನ ಹಳೇ ಬಲ್ಬಿನಷ್ಟೇ ಬೆಳಕನ್ನು ಸಿಎಫ್‌ಎಲ್ (ಪುಟ್ಟ ಟ್ಯೂಬ್‌ಲೈಟಿನಂಥ ಬಲ್ಬ್) ಸುಮಾರು 14 ವ್ಯಾಟಿನಲ್ಲಿ, ಎಲ್‌ಇಡಿ 9ರಲ್ಲಿ ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ ಹಳೇದಕ್ಕೆ 9 ಯೂನಿಟ್, ಸಿಎಫ್‌ಎಲ್‌ಗೆ 2ರ ಆಸುಪಾಸು, ಎಲ್‌ಇಡಿಗೆ ಒಂದೂವರೆಯೂ ಇಲ್ಲ. ಅಡುಗೆಮನೆ, ಹಜಾರದಂಥ ಕಡೆ ಎಲ್‌ಇಡಿಯೇ ಸರಿ.

ಬಾಳಿಕೆಯಲ್ಲಿ ಹಳೇದು ಸುಮಾರು 1,000 ಗಂಟೆ. ಎಲ್‌ಇಡಿ 15,000 ದಾಟಬಹುದು, ಆದರೆ ಗಾಳಿಯಾಡದ ಮುಚ್ಚಿದ ಗ್ಲೋಬಿನೊಳಗೆ ಬಿಸಿಗೆ ಬೇಗ ಹೋಗುತ್ತದೆ. ಪದೇಪದೇ ಹಾಕಿ ಆರಿಸಿದರೆ ಸಿಎಫ್‌ಎಲ್ ಕೆಡುತ್ತದೆ, ಬಚ್ಚಲಿಗಂತೂ ಬೇಡ. ಒಡೆದರೆ ಅದರೊಳಗಿನ ಪಾದರಸದ ತಲೆನೋವು ಬೇರೆ. ಮನೆಯಲ್ಲಿ ಈಗಾಗಲೇ ಇದ್ದರೆ ಓದುವ ಕೋಣೆಯಲ್ಲಿ ಉರಿಸಿ ಮುಗಿಸಿ, ಹೊಸದಾಗಿ ಕೊಳ್ಳಬೇಡಿ. ಅಪರೂಪಕ್ಕೆ ಎರಡು ನಿಮಿಷ ಬೆಳಗುವ ಅಟ್ಟದ ಹಳೇ ಬಲ್ಬನ್ನು ಸುಟ್ಟುಹೋಗುವವರೆಗೂ ಹಾಗೇ ಬಿಡಿ.