ಇನ್‌ಟೇಕ್ ಪೈಪಿನಲ್ಲಿ ಎಣ್ಣೆ ತೋರಿಸಿ "ಟರ್ಬೊ ಹೋಗಿದೆ" ಅಂದರೆ ನಂಬಬೇಡಿ: ಹಾಸನದಲ್ಲಿ ನನಗಾದ ಮೋಸ

ಮಾಡಿಫೈ ಮಾಡಿಸಿದ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಗಾಡಿ ಇಟ್ಟುಕೊಂಡಿರುವವರು, ಅದರಲ್ಲೂ ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಂಜಿನ್ನಿಗೆ ಗಾಳಿ ಹೋಗುವ ಪೈಪ್ ಬಿಚ್ಚಿ, ಒಳಗೆ ಬೆರಳು ಸವರಿ, ಎಣ್ಣೆ ತೋರಿಸಿ "ಟರ್ಬೊ ಹೋಗಿದೆ ಸಾರ್" ಅಂದರೆ ಒಂದು ರೂಪಾಯಿಯನ್ನೂ ಅಡ್ವಾನ್ಸ್ ಕೊಡಬೇಡಿ. ನನ್ನಿಂದ 85,000 ರೂಪಾಯಿ ಕಿತ್ತುಕೊಂಡಿದ್ದಾರೆ. ಟರ್ಬೊ ಬದಲಾಯಿಸಿದ್ದಕ್ಕೆ ಅಂತ. ಬದಲಾಯಿಸದ ಟರ್ಬೊಗೆ!

ಗ್ಯಾರೇಜಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ವಿಷಯ ಗ್ರಾಹಕರ ಆಯೋಗಕ್ಕೆ ಹೋಗುತ್ತಿದೆ, ಅಲ್ಲೇ ಹೇಳುತ್ತೇನೆ.

ನನ್ನದು 2015ರ ಆಕ್ಟೇವಿಯಾ, 1.8 ಟಿಎಸ್‌ಐ ಪೆಟ್ರೋಲ್. ಕಂಪನಿಯಿಂದ ಬರುವಾಗಲೇ 180 ಪಿಎಸ್. ಅದಕ್ಕೆ ಬೆಂಗಳೂರಿನಲ್ಲಿ ಸ್ಟೇಜ್ 1 ರೀಮ್ಯಾಪ್ (ಪವರ್ ಏರಿಸಲು ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ದೆ. ಆಮೇಲೆ ಹಾಸನದ ಈ ಗ್ಯಾರೇಜಿನಲ್ಲಿ ಓಪನ್ ಏರ್ ಫಿಲ್ಟರ್ ಹಾಕಿಸಿದೆ, ಕಂಪನಿಯ ಪಿಸಿವಿ (ಇಂಜಿನ್ ಒಳಗಿನ ಗ್ಯಾಸ್ ಹೊರಬಿಡುವ ವಾಲ್ವ್) ತೆಗೆಸಿ ಕ್ಯಾಚ್ ಕ್ಯಾನ್ (ಆ ಗ್ಯಾಸಿನ ಎಣ್ಣೆ ಹಿಡಿದಿಡುವ ಡಬ್ಬಿ) ಕೂರಿಸಿದೆ. ಇದನ್ನು ನೆನಪಿಟ್ಟುಕೊಳ್ಳಿ. ಕ್ಯಾಚ್ ಕ್ಯಾನ್ ಹಾಕಿದ್ದು ಇವರೇ. ಹೋಸ್ ಎಳೆದದ್ದು ಇವರೇ. "ಇದನ್ನ ಮತ್ತೆ ಮುಟ್ಟೋದೇ ಬೇಡ ಸಾರ್, ಹಾಕಿ ಮರೆತುಬಿಡಿ" ಅಂದದ್ದೂ ಇವರೇ. ಕ್ಯಾಚ್ ಕ್ಯಾನ್ ಆಗಾಗ ಖಾಲಿ ಮಾಡಬೇಕು ಅನ್ನುವುದು ಅದನ್ನು ಮಾರುವವರಿಗೆ ಗೊತ್ತಿರಲ್ವಾ?

ಮಳೆಗಾಲದಲ್ಲಿ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಪೈಪಿನ ಕ್ಲಿಪ್ ಹತ್ತಿರ ಎಣ್ಣೆ ಜಿನುಗತೊಡಗಿತು. ಅವರ ಹತ್ತಿರವೇ ಒಯ್ದೆ. ಪೈಪ್ ಬಿಚ್ಚಿದರು, ಒಳಗೆ ಎಣ್ಣೆ ನಿಂತಿತ್ತು. ಓನರ್ ಬೆರಳು ಸವರಿ ನನ್ನ ಮುಖದ ಮುಂದೆ ಹಿಡಿದರು. "ನೋಡಿ ಸಾರ್. ಟರ್ಬೊ ಸೀಲ್ ಹೋಗಿದೆ. ಹಿಂಗೇ ಓಡಿಸಿದ್ರೆ ಇಂಜಿನ್ನೇ ಹೋಗುತ್ತೆ."

ಹೊಗೆ ಬರುತ್ತಿಲ್ಲವಲ್ಲ ಅಂದೆ. "ಇನ್ನು ಬರುತ್ತೆ ಬಿಡಿ." ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಮ್ಮಿ ಆಗಿಲ್ಲವಲ್ಲ ಅಂದೆ. "ಅದು ಹಂಗೇ ತೋರಿಸುತ್ತೆ ಸಾರ್." ಪಿಕಪ್ಪೂ ಚೆನ್ನಾಗಿದೆಯಲ್ಲ ಅಂದೆ. ಅದಕ್ಕೆ ಉತ್ತರವೇ ಇಲ್ಲ, ಫೋನ್ ತೆಗೆದು ಟರ್ಬೊ ರೇಟ್ ತೋರಿಸಿದರು. ಆಯಿಲ್ ಕ್ಯಾಪ್ ಅಡಿಯಲ್ಲಿ ಮಜ್ಜಿಗೆಗೆ ಕಾಫಿ ಬೆರೆಸಿದ ಹಾಗೆ ಏನೋ ಅಂಟಿಕೊಂಡಿತ್ತು. ಅದನ್ನೂ ತೋರಿಸಿ "ಹೆಡ್ ಗ್ಯಾಸ್ಕೆಟ್ಟೂ ಡೌಟು" ಅಂದರು. ಹೆಡ್ ಗ್ಯಾಸ್ಕೆಟ್ ಹೋದರೆ ಇಂಜಿನ್ ತಣಿಸುವ ಕೂಲೆಂಟ್ ಎಣ್ಣೆಗೆ ಸೇರಿ ಹೀಗಾಗಬಹುದು. ಆದರೆ ನನ್ನದರಲ್ಲಿ ಕೂಲೆಂಟ್ ಒಂದು ಹನಿಯೂ ಇಳಿದಿರಲಿಲ್ಲ! ನಮ್ಮ ಕಡೆ ಮಳೆಗಾಲದಲ್ಲಿ, ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಂತ ಸಣ್ಣ ಸಣ್ಣ ಓಡಾಟ ಮಾಡಿದರೆ ಇಂಜಿನ್ ಪೂರ್ತಿ ಬಿಸಿ ಆಗುವುದಿಲ್ಲ. ಒಳಗಿನ ತೇವ ಆವಿಯಾಗಿ ಹೋಗದೆ ಎಣ್ಣೆ ಜೊತೆ ಸೇರಿ ಹೀಗಾಗುತ್ತದೆ. ಮಲೆನಾಡಿನ ಪ್ರತಿ ಮೆಕ್ಯಾನಿಕ್ ಇದನ್ನು ನೋಡಿರುತ್ತಾನೆ. ಇವರೂ ನೋಡಿದ್ದಾರೆ. ಗೊತ್ತಿದ್ದೂ ಹೆದರಿಸಿದರು. ಅದೇ ನನಗೆ ಜಾಸ್ತಿ ಸಿಟ್ಟು.

50,000 ಅಡ್ವಾನ್ಸ್, ಉಳಿದದ್ದು ಗಾಡಿ ಒಯ್ಯುವಾಗ. ಬಿಲ್ ಕೇಳಿದರೆ "ವಾಟ್ಸಾಪ್ ಮಾಡ್ತೀನಿ ಸಾರ್". ಹಳೇ ಟರ್ಬೊ ಕೊಡಿ ಅಂದರೆ "ಅದು ಎಕ್ಸ್‌ಚೇಂಜ್‌ಗೆ ಹೋಯ್ತು". ಬಿಲ್ ಇವತ್ತಿಗೂ ಬಂದಿಲ್ಲ.

ಸ್ವಲ್ಪ ದಿನಕ್ಕೆ ಅದೇ ಕ್ಲಿಪ್ ಹತ್ತಿರ ಮತ್ತೆ ಎಣ್ಣೆ. ಫೋನ್ ಮಾಡಿದೆ. ಈ ಸಲ ರಾಗ ಬದಲು. "ರೀಮ್ಯಾಪ್ ಮಾಡ್ಸಿದೀರಲ್ಲ ಸಾರ್, ಪಿಸ್ಟನ್ ರಿಂಗ್ ಹೋಗಿರುತ್ತೆ. ಇಂಜಿನ್ ಇಳಿಸ್ಬೇಕು." ಸಿಲಿಂಡರ್ ಒತ್ತಡ ನೋಡುವ ಕಂಪ್ರೆಷನ್ ಟೆಸ್ಟ್ ಮಾಡದೆ, ಲೀಕ್‌ಡೌನ್ ಟೆಸ್ಟ್ ಮಾಡದೆ, ಗಾಡಿಯನ್ನು ಕಣ್ಣಿಂದ ನೋಡದೆ, ಫೋನಿನಲ್ಲೇ ಇಂಜಿನ್ ಇಳಿಸಲು ಹೊರಟರು.

ಅಲ್ಲಿಗೆ ಸಾಕಾಯಿತು. ಚಿಕ್ಕಮಗಳೂರಿನಲ್ಲಿ ನಮ್ಮ ಮನೆಯವರ ಜೀಪು ನೋಡುವ ಹಳೇ ಮೇಸ್ತ್ರಿ ಒಬ್ಬರಿದ್ದಾರೆ. ಅವರ ಹತ್ತಿರ ಒಯ್ದೆ. ಅವರು ಮೊದಲು ಪೈಪ್ ಮುಟ್ಟಲೇ ಇಲ್ಲ. ಇಂಜಿನ್ ಸ್ಟಾರ್ಟ್ ಮಾಡಿಸಿ ಆಯಿಲ್ ಕ್ಯಾಪ್ ತಿರುಗಿಸಿದರು. ಇಂಜಿನ್ನಿನ ಉಸಿರು (ಒಳಗಿನ ಗ್ಯಾಸ್ ಹೊರಹೋಗುವ ದಾರಿ) ಸರಿ ಇದ್ದರೆ ಕ್ಯಾಪ್ ಒಳಗೆ ಸ್ವಲ್ಪ ಎಳೆದ ಹಾಗಿರಬೇಕಂತೆ. ನನ್ನದರಲ್ಲಿ ಬುಸ್ ಅಂತ ಹೊರಗೆ ತಳ್ಳಿತು. "ಇದಕ್ಕೆ ಉಸಿರು ಕಟ್ಟಿದೆ" ಅಂದರು. ಆಮೇಲೆ ಕ್ಯಾಚ್ ಕ್ಯಾನ್ ಹೋಸ್ ಬಿಚ್ಚಿ ಕತ್ತರಿಸಿದರು. ಹೊರಗೆ ನೋಡಿದರೆ ದಪ್ಪ ಹೋಸ್. ಒಳಗೆ ರಬ್ಬರ್ ಊದಿಕೊಂಡು ಪೆನ್ಸಿಲ್ ಕೂಡ ಹೋಗದಷ್ಟು ಕಿರಿದಾಗಿತ್ತು. ಆಯಿಲ್ ತಡೆಯುವ ಹೋಸ್ ಅಲ್ಲವೇ ಅಲ್ಲ, ನೀರಿನ ಹೋಸ್! ಕ್ಯಾಚ್ ಕ್ಯಾನ್ ಬಿಚ್ಚಿದರೆ ಒಳಗೆ ಎಣ್ಣೆ ಹಿಡಿಯುವ ಜಾಲರಿಯೂ ಇಲ್ಲ, ತಡೆ ತಗಡೂ ಇಲ್ಲ. ಬರೀ ಖಾಲಿ ಡಬ್ಬಿ. ಸಾಲದ್ದಕ್ಕೆ ಇಂಜಿನ್ ಆಯಿಲ್ ಮ್ಯಾಕ್ಸ್ ಗೆರೆ ದಾಟಿ ತುಂಬಿಸಿದ್ದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಎಲ್ಲರಿಗೂ ಟೋಪಿ ಹಾಕುವುದು ಇಲ್ಲೇ. ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತುತ್ತದೆ. ಅಲ್ಲಿ ರಬ್ಬರ್ ಸೀಲ್ ನಿಲ್ಲುವುದಿಲ್ಲ. ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ರಿಂಗ್ ಇರುತ್ತದೆ. ಗಾಳಿಯ ಒತ್ತಡ ಸರಿ ಇದ್ದರೆ ಮಾತ್ರ ಅದು ಎಣ್ಣೆ ತಡೆಯುತ್ತದೆ. ಬೇರಿಂಗಿಗೆ ಹೋದ ಎಣ್ಣೆ ಕೆಳಗಿನ ಪೈಪಿನಲ್ಲಿ ತಾನಾಗಿ ಇಳಿದು ಇಂಜಿನ್ ತಳದ ಎಣ್ಣೆ ತೊಟ್ಟಿಗೆ ಬರಬೇಕು. ಅದನ್ನು ಯಾವ ಪಂಪೂ ಎಳೆಯುವುದಿಲ್ಲ. ಪಿಸ್ಟನ್ ಪಕ್ಕದಿಂದ ಕ್ರ್ಯಾಂಕ್‌ಕೇಸಿಗೆ (ಇಂಜಿನ್ನಿನ ಕೆಳಭಾಗಕ್ಕೆ) ಜಾರುವ ಗ್ಯಾಸ್ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಒಳಗೆ ಒತ್ತಡ ಏರುತ್ತದೆ. ಆಗ ಆ ಎಣ್ಣೆ ಕೆಳಗೆ ಇಳಿಯುವುದಿಲ್ಲ. ರಿಂಗ್ ದಾಟಿ ಟರ್ಬೊದ ಗಾಳಿ ಒತ್ತುವ ಕಂಪ್ರೆಸರ್ ಕಡೆ ಬರುತ್ತದೆ, ಅಲ್ಲಿಂದ ಇಂಟರ್‌ಕೂಲರ್‌ಗೆ. ಏರ್ ಫಿಲ್ಟರ್ ಕಟ್ಟಿಕೊಂಡು ಜೋರಾಗಿ ಎಳೆತ ಬಂದರೂ ಹೀಗಾಗಬಹುದು. ಅಂದರೆ ಎಣ್ಣೆ ಟರ್ಬೊ ಮೂಲಕ ಬಂದದ್ದು ನಿಜ. ಟರ್ಬೊ ಹೋಗಿದೆ ಅನ್ನುವುದು ಸುಳ್ಳು. ನಿಜವಾಗಿಯೂ ಹೊಸ ಟರ್ಬೊ ಹಾಕಿದ್ದರೂ ಅದರಿಂದಲೂ ಎಣ್ಣೆ ಬರುತ್ತಿತ್ತು.

ಮೇಸ್ತ್ರಿ ಏರ್ ಫಿಲ್ಟರ್ ಕಡೆಯ ಪೈಪ್ ತೆಗೆದು ಟರ್ಬೊ ಚಕ್ರವನ್ನು ಕೈಯಲ್ಲಿ ಆಡಿಸಿದರು. ಪಕ್ಕಕ್ಕೆ ಕೂದಲೆಳೆಯಷ್ಟು ಪ್ಲೇ (ಅಲುಗಾಟ). ಅದು ಎಲ್ಲ ಟರ್ಬೊದಲ್ಲೂ ಇರುತ್ತದೆ. ಒಳಗೆ ಹೊರಗೆ ಜಗ್ಗಿದರೆ ಪ್ಲೇ ಗೊತ್ತೇ ಆಗಲಿಲ್ಲ. ಚಕ್ರ ಗೋಡೆಗೆ ಉಜ್ಜಿದ ಗುರುತೂ ಇಲ್ಲ. "ಟರ್ಬೊ ಗಟ್ಟಿ ಇದೆ" ಅಂದರು. ಹೊಸದಲ್ವಾ ಮೇಸ್ತ್ರಿ, ಗಟ್ಟಿ ಇರಲೇಬೇಕು ಅಂದೆ. ಅವರು ಟಾರ್ಚ್ ಹಾಕಿ ಕೆಳಗೆ ಬಗ್ಗಿ ತುಂಬಾ ಹೊತ್ತು ನೋಡಿದರು. ಆಮೇಲೆ ಅಂದರು: "ಹೊಸ ಟರ್ಬೊ ಅಂದ್ರಲ್ಲ ಮಾರಾಯ್ರೆ, ಇದ್ರ ನಟ್ಟಿಗೆ ಸ್ಪ್ಯಾನರ್ರೇ ಬಿದ್ದಿಲ್ಲ."

ನಟ್ಟಿನ ಮೇಲೆ ಹಳೇ ತುಕ್ಕು ಹಾಗೇ ಇತ್ತು. ಧೂಳು ಹಾಗೇ ಇತ್ತು. ಗ್ಯಾಸ್ಕೆಟ್ ಹಳೇದು. ಗಾಡಿ ಕೆಲಸ ನಡೆಯುವಾಗ ನಾನು ಯಾವಾಗಲೂ ಫೋಟೋ ತೆಗೆಯುತ್ತೇನೆ. ಏರ್ ಫಿಲ್ಟರ್ ಹಾಕಿಸಿದ ದಿನದ ಫೋಟೋದಲ್ಲಿ ಟರ್ಬೊ ಮೇಲಿನ ಪ್ಲೇಟು, ಸೀರಿಯಲ್ ನಂಬರು ಸ್ಪಷ್ಟವಾಗಿ ಬಿದ್ದಿತ್ತು. ಅಲ್ಲೇ ನಿಂತು ಒಂದೊಂದೇ ಅಂಕಿ ಹೋಲಿಸಿದೆ. ಅದೇ ನಂಬರು. ಅದೇ ಟರ್ಬೊ. ಪೈಪ್ ಒರೆಸಿ ವಾಪಸ್ ಹಾಕಿ 85,000 ತೆಗೆದುಕೊಂಡಿದ್ದರು. ಮೇಸ್ತ್ರಿ, ಅವರ ಹುಡುಗರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೈ ಉರಿದುಹೋಯಿತು. ನಾಚಿಕೆಯಿಂದ ತಲೆ ಎತ್ತಲು ಆಗಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. ಉತ್ತರ ಕೇಳಿ. ಮೊದಲು, "ಕಂಪನಿಯವರು ಎಲ್ಲಾ ಟರ್ಬೊಗೂ ಅದೇ ನಂಬರ್ ಹಾಕ್ತಾರೆ ಸಾರ್." ಪಾರ್ಟ್ ನಂಬರ್ ಒಂದೇ ಇರುತ್ತೆ, ಸೀರಿಯಲ್ ನಂಬರ್ ಹೇಗೆ ಒಂದೇ ಆಗುತ್ತೆ ಅಂದೆ. "ಓ, ನಿಮ್ದಕ್ಕೆ ಒಳಗಿನ ಕೋರ್ ಮಾತ್ರ ಬದಲಾಯಿಸಿದ್ದು." ನಟ್ಟು ಬಿಚ್ಚದೆ ಒಳಗಿನ ಕೋರ್ ಹೇಗೆ ಬದಲಾಯಿಸಿದಿರಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಾರ್ ಹೋಗಿ ಬ್ರದರ್ ಬಂತು. "ನೋಡಿ ಬ್ರದರ್, ರೀಮ್ಯಾಪ್ ಮಾಡ್ಸಿರೋ ಗಾಡಿ ನಿಮ್ದು. ಎಲ್ಲಿ ಹೋಗಿ ಕಂಪ್ಲೇಂಟ್ ಕೊಡ್ತೀರ?"

ಇದೇ ಇವರ ಬಂಡವಾಳ. ಮಾಡಿಫೈ ಮಾಡಿಸಿದವನು ಕಂಪನಿ ಸರ್ವಿಸ್‌ಗೆ ಹೋಗಲ್ಲ, ಆರ್‌ಟಿಒ ಹೆಸರು ಹೇಳಿದರೆ ಬಾಯಿ ಮುಚ್ಚುತ್ತಾನೆ ಅಂತ ಲೆಕ್ಕ. ಗಾಡಿ ಹೇಗೇ ಇರಲಿ, ಹಾಕದ ಸಾಮಾನಿಗೆ ದುಡ್ಡು ತೆಗೆದುಕೊಳ್ಳುವುದು ಮೋಸ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ಹೆದರಬೇಡಿ.

ಗಾಡಿ ಈಗ ಸರಿ ಇದೆ. ಕಂಪನಿಯ ಪಿಸಿವಿ ವಾಪಸ್ ಹಾಕಿಸಿದೆ, ಆಯಿಲ್ ಮಟ್ಟಕ್ಕೆ ತಂದರು, ಪೈಪು, ಇಂಟರ್‌ಕೂಲರ್ ಎಲ್ಲ ತೊಳೆದರು. ಖರ್ಚು ಹೇಳಿಕೊಳ್ಳುವಷ್ಟೂ ಇಲ್ಲ. ಚಾರ್ಮಾಡಿ ಇಳಿದು, ಹತ್ತಿ ಬಂದ ಮೇಲೆ ಮತ್ತೆ ಪೈಪ್ ಬಿಚ್ಚಿ ನೋಡಿದೆವು. ಒಳಗೆ ತೆಳ್ಳಗೆ ಎಣ್ಣೆ ಪಸೆ, ಅಷ್ಟೇ. ಅಷ್ಟು ಪಸೆ ಆರೋಗ್ಯವಾಗಿರುವ ಟರ್ಬೊ ಗಾಡಿಯಲ್ಲೂ ಇರುತ್ತದೆ. ಬ್ರೀದರ್ (ಇಂಜಿನ್ ಉಸಿರು ಬಿಡುವ ಹೋಸ್) ಗಾಳಿ ಮತ್ತೆ ಇನ್‌ಟೇಕಿಗೇ ಬರುವುದರಿಂದ ಅದು ಸಹಜ.

ನಿಮಗೆ ಯಾರಾದರೂ ಬೆರಳಿನ ಎಣ್ಣೆ ತೋರಿಸಿದರೆ ಮೊದಲು ಆಯಿಲ್ ಕ್ಯಾಪ್, ಬ್ರೀದರ್ ಹೋಸ್, ಏರ್ ಫಿಲ್ಟರ್, ಆಯಿಲ್ ಮಟ್ಟ ನೋಡಿಸಿ. ಟರ್ಬೊ ಚಕ್ರ ನಿಮ್ಮ ಕೈಯಲ್ಲೇ ಆಡಿಸಿ ನೋಡಿ. ಪೈಪ್ ಒರೆಸಿ ಒಂದಷ್ಟು ಓಡಿಸಿ ಮತ್ತೆ ನೋಡಿ. ಸೀರಿಯಲ್ ನಂಬರಿನ ಫೋಟೋ ಇವತ್ತೇ ತೆಗೆದಿಟ್ಟುಕೊಳ್ಳಿ. ಬದಲಾಯಿಸಲೇಬೇಕು ಅಂದರೆ ಹಳೇ ಸಾಮಾನು ಕೈಗೆ ಬರದೆ, ಜಿಎಸ್‌ಟಿ ಬಿಲ್ ಬರದೆ ದುಡ್ಡು ಕೊಡಬೇಡಿ.

ನನ್ನ 85,000 ಇನ್ನೂ ವಾಪಸ್ ಬಂದಿಲ್ಲ. ಬರುವವರೆಗೆ ಬಿಡುವುದಿಲ್ಲ.