ಸಾರ್ವಜನಿಕ ಉಪನ್ಯಾಸದ ದಿನ: ಸಂಗನಕಲ್ಲು, ಹಿರೇಬೆಣಕಲ್, ದರೋಜಿ

ವಿಜ್ಞಾನ ಮತ್ತು ಇತಿಹಾಸಗಳನ್ನು ಒಂದೇ ದಿನ, ಸ್ಥಳದಲ್ಲೇ ನಿಂತು ಸಾರ್ವಜನಿಕರಿಗೆ ವಿವರಿಸಬೇಕೆಂದಿದ್ದರೆ, ಈ ಮೂರು ತಾಣಗಳ ಪೈಕಿ ವಿಷಯದ ಹರಹಿನಲ್ಲಿ ಬಳ್ಳಾರಿಯ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳು ಮುಂದಿವೆ. ನವಶಿಲಾಯುಗದ ಜನರು ಡಾಲರೈಟ್ ಎಂಬ ಗಟ್ಟಿಯಾದ ಕಪ್ಪು ಶಿಲೆಯಿಂದ ಕೊಡಲಿಗಳನ್ನು ತಯಾರಿಸಿದ ನೆಲೆ, ಬಂಡೆಗಳ ಮೇಲಿನ ಕುಟ್ಟುಚಿತ್ರಗಳು, ಬಡಿದರೆ ನಾದ ಹೊಮ್ಮಿಸುವ ಕಲ್ಲುಗಳು ಅಲ್ಲಿರುವುದರಿಂದ ಭೂವಿಜ್ಞಾನಿಗೂ ಇತಿಹಾಸಕಾರರಿಗೂ ಸಮಾನವಾಗಿ ವಸ್ತು ಒದಗುತ್ತದೆ. (ಮಕ್ಕಳು ಆ ಕಲ್ಲುಗಳನ್ನು ಬಡಿಯದಂತೆ ನೋಡಿಕೊಳ್ಳುವುದು ಸಂಘಟಕರ ಹೊಣೆ.) ಬಿಸಿಲೇರಿದರೆ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಬರಬಹುದು, ಪ್ರಯಾಣದ ವೆಚ್ಚವೂ ಬಳ್ಳಾರಿಯವರಿಗೆ ಕಡಿಮೆ.

2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಬೃಹತ್ ಶಿಲಾಸಮಾಧಿಗಳು ನೋಟಕ್ಕೆ ಇನ್ನಷ್ಟು ಭವ್ಯವಾಗಿದ್ದರೂ, ಗುಡ್ಡ ಹತ್ತಬೇಕಾದ್ದರಿಂದ ಹಿರಿಯರಿರುವ ಗುಂಪಿಗೆ ಅದು ಒಗ್ಗದು. ಗಂಗಾವತಿ, ಕೊಪ್ಪಳಗಳ ಕಾಲೇಜು ವಿದ್ಯಾರ್ಥಿಗಳಿಗೆ, ಚಳಿಗಾಲದ ಬೆಳಗಿನಲ್ಲಿ, ನನ್ನ ಆಯ್ಕೆ ಅದೇ.

ಹಂಪಿಯ ಸಮೀಪದ ದರೋಜಿ ಕರಡಿಧಾಮದಲ್ಲಿ ಇತಿಹಾಸಕ್ಕೆ ಅವಕಾಶ ಕಡಿಮೆ. ಕರಡಿಗಳು ಸಾಮಾನ್ಯವಾಗಿ ಸಂಜೆಗೆ ಬಂಡೆಗಳತ್ತ ಬರುವುದರಿಂದ, ಧ್ವನಿವರ್ಧಕವಿಲ್ಲದೆ ಮೌನವಾಗಿ ಕಾಯಬಲ್ಲ ಸಣ್ಣ ತಂಡವಿದ್ದು, ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿದ್ದರೆ ಮಾತ್ರ ಅದನ್ನು ಆರಿಸಿಕೊಳ್ಳಬಹುದು.